ಕುಂಬಳದ ಬಳ್ಳಿಗೆ ದೃಷ್ಟಿ ತಾಗಿತ್ತೇ?

ಕಳೆದ ಮಳೆಗಾಲದಲ್ಲಿ ಒಂದು ದಿನ ಮದ್ರಸ ಬಿಟ್ಟ ಮೇಲೆ ವಿದ್ಯಾರ್ಥಿಯೊಬ್ಬನ ತಾಯಿ ನೀರಿನ ಬಾಟಲಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದರು. "ಉಸ್ತಾದರೇ, ಸ್ವಲ್ಪ ನೀರು ಓದಿ ಕೊಡಿ" ಎಂದರು. ಮಗನಿಗೆ ಜ್ವರವೋ ಎಂದು ಕೇಳಿದೆ. "ಮಗನಿಗಲ್ಲ ಉಸ್ತಾದ್, ಕುಂಬಳದ ಬಳ್ಳಿಗೆ" ಎಂದರು.

ನನಗೆ ನಗು ಬಂತು. ಆದರೆ ಅವರು ನಗುತ್ತಿರಲಿಲ್ಲ. ಬಂಟ್ವಾಳದ ಕಡೆಯಿಂದ ಬಂದು ವೈಟ್‌ಫೀಲ್ಡಿನಲ್ಲಿ ಬಾಡಿಗೆ ಮನೆ ಹಿಡಿದ ಕುಟುಂಬ ಅದು. ಮಾಲಕರ ಒಪ್ಪಿಗೆ ಪಡೆದು ನಾಲ್ಕನೇ ಮಹಡಿಯ ತಾರಸಿಯಲ್ಲಿ ಬಸಳೆ, ಹರಿವೆ, ತೊಂಡೆ, ಹೀರೆ ಎಲ್ಲ ಹಾಕಿದ್ದಾರೆ. ಜೊತೆಗೆ ಒಂದು ಸಿಹಿಕುಂಬಳದ ಬಳ್ಳಿ, ನಮ್ಮ ಊರಿನ ಚೀನಿಕಾಯಿ. ಬಳ್ಳಿ ತುಂಬ ಹೂವು. ಆದರೆ ನೆಲ್ಲಿಕಾಯಿ ಗಾತ್ರದ ಮಿಡಿಗಳು ಒಂದೊಂದಾಗಿ ಹಳದಿ ಬಣ್ಣಕ್ಕೆ ತಿರುಗಿ ಉದುರುತ್ತಿದ್ದವು. ಕೆಳಗಿನ ಮನೆಯಾಕೆ ಬಟ್ಟೆ ಒಣಗಿಸಲು ಬಂದವರು "ಎಷ್ಟು ಚಂದ ಬಂದಿದೆ ನಿಮ್ಮ ಬಳ್ಳಿ" ಎಂದಿದ್ದರಂತೆ. ಅದಾಗಿ ಎರಡು ದಿನಕ್ಕೆ ಮೊದಲ ಮಿಡಿ ಬಿತ್ತು. ಅಂದಿನಿಂದ ಈಕೆ ಅವರೊಡನೆ ಮಾತು ಕಡಿಮೆ ಮಾಡಿದ್ದಾರೆ. ಪೆರ್ನಾಳಿಗೆ ಬಿರಿಯಾನಿ ಕಳಿಸುತ್ತಿದ್ದ ಮನೆ, ಯುಗಾದಿಗೆ ಅಲ್ಲಿಂದ ಹೋಳಿಗೆ ಬರುತ್ತಿದ್ದ ಮನೆ!

ದೃಷ್ಟಿ ಎಂಬುದು ಸುಳ್ಳಲ್ಲ, ಹದೀಸಿನಲ್ಲಿ ಬಂದಿದೆ. ನಾನು ನೀರು ಓದಿಯೇ ಕೊಟ್ಟೆ. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ನಮ್ಮ ಮನೆಯ ಬಾಲ್ಕನಿಯಲ್ಲಿ ಹಿಂದಿನ ವರ್ಷ ಇದೇ ಆಗಿತ್ತು, ಅಲ್ಲಿಗೆ ಯಾರ ಕಣ್ಣೂ ಬಿದ್ದಿರಲಿಲ್ಲ. ಮರುದಿನ ನರ್ಸರಿಯವರೊಬ್ಬರಲ್ಲಿ ಕೇಳಿದೆ. ಅವರು ನನ್ನನ್ನೇ ಕೇಳಿದರು: "ನಾಲ್ಕನೇ ಮಹಡಿಗೆ ಜೇನುನೊಣ ಬರುತ್ತದಾ?"

ವಿಷಯ ಇಷ್ಟೇ. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲ ಕೆಲವು ದಿನ ಬರುವುದು ಹೆಚ್ಚಾಗಿ ಗಂಡು ಹೂವು. ಅದರ ತೊಟ್ಟು ಉದ್ದ, ಸಪೂರ. ಹೆಣ್ಣು ಹೂವಿನ ಬುಡದಲ್ಲಿ ಹುಟ್ಟುವಾಗಲೇ ಒಂದು ಪುಟ್ಟ ಮಿಡಿ ಇರುತ್ತದೆ. ಗಂಡು ಹೂವಿನ ಪರಾಗ ಅದಕ್ಕೆ ಮುಟ್ಟಿದರೆ ಮಿಡಿ ಕಾಯಿಯಾಗುತ್ತದೆ, ಮುಟ್ಟದಿದ್ದರೆ ಕೆಲವೇ ದಿನದಲ್ಲಿ ಹಳದಿಯಾಗಿ ಬೀಳುತ್ತದೆ. ಊರಿನಲ್ಲಿ ಈ ಕೆಲಸವನ್ನು ತೋಟದ ಜೇನು, ದುಂಬಿಗಳು ಯಾರಿಗೂ ಹೇಳದೆ ಮಾಡಿಕೊಂಡು ಹೋಗುತ್ತವೆ. ಹಾಗಾಗಿ ನಮ್ಮ ಉಮ್ಮಂದಿರಿಗೆ ಈ ಸಮಸ್ಯೆಯೇ ಗೊತ್ತಿರಲಿಲ್ಲ. ಸುತ್ತ ಕಾಂಕ್ರೀಟೇ ಇರುವ ಕಡೆ ಅವು ಸಾಕಷ್ಟು ಬರುವುದಿಲ್ಲ. ನಾವೇ ಗಂಡು ಹೂವು ಕಿತ್ತು, ಎಸಳು ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು.

ಇದಕ್ಕೆ ಹೊತ್ತು ಮುಖ್ಯ. ಕುಂಬಳದ ಹೂವು ಬೆಳಗಿನ ಜಾವ ಅರಳಿ ಬಿಸಿಲೇರುವಾಗ ಮುದುಡುತ್ತದೆ. ಹೀರೆಯದ್ದು ಸಂಜೆ ಅರಳುತ್ತದೆ. ಸುಬಹಿ ನಮಾಝ್ ಮುಗಿಸಿ, ಬೆಳಕು ಹರಿದ ಮೇಲೆ ಕುಂಬಳ. ಮಗ್ರಿಬಿನ ಹೊತ್ತಿಗೆ ಹೀರೆ. ನಮಾಝಿನ ಹೊತ್ತು ಗೊತ್ತಿರುವವರಿಗೆ ಬೇರೆ ಗಡಿಯಾರ ಬೇಡ.

ಇದನ್ನು ಕೇಳಿದಾಗ ನನಗೆ ಸಹೀಹ್ ಮುಸ್ಲಿಮಿನ ಒಂದು ಹದೀಸ್ ನೆನಪಾಯಿತು. ಮದೀನದವರು ಖರ್ಜೂರದ ಗಂಡು ಹೂವನ್ನು ಹೆಣ್ಣು ಮರಕ್ಕೆ ಕಟ್ಟುತ್ತಿದ್ದರು. ಅದರಿಂದ ಏನು ಪ್ರಯೋಜನ ಎಂಬರ್ಥದಲ್ಲಿ ಪ್ರವಾದಿಯವರು (ಸ.ಅ.) ಮಾತಾಡಿದಾಗ ಅವರು ಬಿಟ್ಟುಬಿಟ್ಟರು. ಆ ವರ್ಷ ಫಸಲು ಕಡಿಮೆಯಾಯಿತು. ಆಗ ಪ್ರವಾದಿಯವರು, ನಿಮ್ಮ ಲೌಕಿಕ ಕೆಲಸದ ವಿಷಯ ನಿಮಗೇ ಹೆಚ್ಚು ಗೊತ್ತು ಎಂದು ತಿಳಿಸಿದರು. ಎಷ್ಟೋ ಸಲ ಪಾಠ ಮಾಡಿದ ಹದೀಸ್ ಅದು. ಒಂದು ಕುಂಬಳದ ಮಿಡಿ ಬಿದ್ದಾಗ ನನಗೇ ನೆನಪಾಗಲಿಲ್ಲ ನೋಡಿ.

ಕಿತಾಬಿನಲ್ಲಿ ಕೇಳಬೇಕಾದದ್ದು ಬೇರೆ, ಗಿಡವನ್ನು ಕೇಳಬೇಕಾದದ್ದು ಬೇರೆ. ಸೆಗಣಿ ಗೊಬ್ಬರ ಹಾಕಬಹುದಾ ಎಂದು ಹಲವರು ಕೇಳುತ್ತಾರೆ. ಅದು ಕಿತಾಬಿನ ಪ್ರಶ್ನೆ. ನಮ್ಮ ಶಾಫಿಈ ಮದ್ಹಬಿನಲ್ಲಿ ಸೆಗಣಿ ನಜಸ್, ಆದರೆ ಗೊಬ್ಬರವಾಗಿ ಹಾಕಲು ಅಡ್ಡಿಯಿಲ್ಲ. ಅದರಲ್ಲಿ ಬೆಳೆದ ತರಕಾರಿ ಶುದ್ಧ. ಎಲೆಗೆ ಮೆತ್ತಿಕೊಂಡಿದ್ದರೆ ಮಾತ್ರ ತೊಳೆಯಬೇಕು, ಕೈ ಮತ್ತು ಬಟ್ಟೆಗೆ ತಾಗಿದ್ದನ್ನು ನಮಾಝಿಗೆ ಮೊದಲು ತೊಳೆದುಕೊಳ್ಳಬೇಕು. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದು ಗಿಡದ ಪ್ರಶ್ನೆ, ಅದಕ್ಕೆ ಉಸ್ತಾದ್ ಬೇಡ.

ನೀರಿನ ವಿಷಯ ಎರಡಕ್ಕೂ ಸೇರಿದ್ದು. 2024ರ ಮಾರ್ಚ್ ಯಾರಿಗೆ ಮರೆತೀತು? ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆಗ ಎಷ್ಟೋ ಮನೆಯ ಗಿಡಗಳು ಒಣಗಿದವು. ಅದೇ ಮನೆಗಳಲ್ಲಿ ದಿನಕ್ಕೆ ಐದು ಹೊತ್ತು ವುಝೂವಿನ ನೀರು ಮಾತ್ರ ಚರಂಡಿಗೆ ಹೋಗುತ್ತಿತ್ತು. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಮದ್ರಸದಲ್ಲಿ ಒಮ್ಮೆ ಮಕ್ಕಳಿಂದ ಟಬ್ಬಿನ ಮೇಲೆ ವುಝೂ ಮಾಡಿಸಿದೆ. ನಳ್ಳಿ ಪೂರ್ತಿ ತಿರುಗಿಸಿದವನ ಟಬ್ಬಿನಲ್ಲಿ ಅರ್ಧ ಬಕೆಟ್ ನೀರು, ಚೆಂಬಿನಲ್ಲಿ ಮಾಡಿದವನದ್ದರಲ್ಲಿ ಒಂದು ಚೆಂಬು! ಮಕ್ಕಳಿಗೇ ನಾಚಿಕೆಯಾಯಿತು. ವುಝೂ ಮಾಡಿದ ನೀರಿನಲ್ಲಿ ಮತ್ತೆ ವುಝೂ ಆಗುವುದಿಲ್ಲ, ಆದರೆ ಅದು ಶುದ್ಧವೇ. ಅದರಲ್ಲಿ ಸೋಪು ಇರುವುದಿಲ್ಲ. ಗ್ರೋಬ್ಯಾಗಿನ ಬಸಳೆಗೆ ಇನ್ನೇನು ಬೇಕು? ಕೆಳಗೊಂದು ಟಬ್ ಇಟ್ಟರೆ ಸಾಕು. ತಳದಿಂದ ಸೋರಿ ಕೆಳಗಿನವರ ಬಟ್ಟೆಯ ಮೇಲೆ ಬೀಳದ ಹಾಗೆ ತಟ್ಟೆಯೊಂದನ್ನು ಇಡಲು ಮಾತ್ರ ಮರೆಯಬೇಡಿ.

ಬಾಡಿಗೆ ಮನೆಯಲ್ಲಿ ಯಾಕೆ ಈ ಉಸಾಬರಿ ಎನ್ನುವವರಿದ್ದಾರೆ. ಇವತ್ತು ಕಂಪೆನಿಗಳೇ ತುಂಬಿರುವ ವೈಟ್‌ಫೀಲ್ಡ್ 1882ರಲ್ಲಿ ಮೈಸೂರಿನ ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತಾಗಿ ಹುಟ್ಟಿದ ಊರು. ಲಾಲ್‌ಬಾಗ್ 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟ, ಅದರ ನೆರಳಿನಲ್ಲಿ ಇವತ್ತು ಕೂರುವವರು ನಾವು. ಮುಸ್ಲಿಮನೊಬ್ಬ ನೆಟ್ಟದ್ದನ್ನು ಮನುಷ್ಯ, ಹಕ್ಕಿ, ಪ್ರಾಣಿ ಯಾರು ತಿಂದರೂ ಅವನಿಗೆ ಸದಕವಾಗುತ್ತದೆ ಎಂದು ಹದೀಸಿನಲ್ಲಿದೆ. ಮನೆ ಬಿಟ್ಟು ಹೋದ ಮೇಲೆ ನಮ್ಮ ಕರಿಬೇವನ್ನು ಮುಂದಿನ ಬಾಡಿಗೆಯವರು ಕಿತ್ತುಕೊಂಡರೆ ನಮಗೇನು ನಷ್ಟ?

ಆ ತಾಯಿಗೆ ಹೂವಿನ ವಿಷಯ ವಿವರಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರದ್ದು ತಪ್ಪಿಲ್ಲ ಅಲ್ವಾ ಉಸ್ತಾದ್?" ಎಂದರು. ಮೊದಲ ಸಲ ಸವರಿದ್ದು ನಿಲ್ಲಲಿಲ್ಲ, ಮಳೆ ಬಂದು ಪರಾಗ ತೊಳೆದುಹೋಯಿತಂತೆ. ಎರಡನೆಯದ್ದು ನಿಂತಿತು. ಕಾಯಿ ದೊಡ್ಡದೇನಲ್ಲ. ಕೊಯ್ದ ದಿನ ಅರ್ಧ ಕಾಯಿಯನ್ನು ಮಗನ ಕೈಯಲ್ಲಿ ಕೆಳಗಿನ ಮನೆಗೆ ಕಳಿಸಿದರಂತೆ. ಈಗ ಆ ಮನೆಯಾಕೆಯೂ ತಾರಸಿಯಲ್ಲಿ ಎರಡು ಗ್ರೋಬ್ಯಾಗ್ ಇಟ್ಟಿದ್ದಾರೆ.