ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆಯೇ?

ಶಾಲಾ ಕ್ರೀಡಾಕೂಟಗಳಲ್ಲಿ ಕಮಲಾಪುರದಂಥ ತಾಲ್ಲೂಕಿನಲ್ಲಿ ಗೆದ್ದ ಮಕ್ಕಳು ಕಲಬುರಗಿಗೆ ಬರುತ್ತಾರೆ. ಜಿಲ್ಲೆಯಲ್ಲಿ ಗೆದ್ದವರು ವಿಭಾಗ ಮಟ್ಟಕ್ಕೆ, ಅಲ್ಲಿ ಗೆದ್ದವರು ರಾಜ್ಯ ಮಟ್ಟಕ್ಕೆ ಹೋಗುತ್ತಾರೆ. ಸೋತವರು ಮನೆಗೆ ಮರಳುತ್ತಾರೆ, ಅವರಲ್ಲಿ ಅನೇಕರು ಮತ್ತೆ ಮೈದಾನದ ಕಡೆ ಬರುವುದೇ ಇಲ್ಲ. ‘ಇವನಾಗ ಏನೋ ಐತಿ’, ‘ಆಕಿಗಿ ಇದು ಆಗಿಬರಂಗಿಲ್ಲ’ ಎಂಬ ತೀರ್ಪು ಹನ್ನೆರಡು–ಹದಿಮೂರನೆಯ ವಯಸ್ಸಿಗೇ ಬಿದ್ದಿರುತ್ತದೆ. ಪಾಲಕರು, ಪಿ.ಟಿ. ಮಾಸ್ತರರು, ತರಬೇತುದಾರರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳುವುದಿಲ್ಲ. ತಲೆಮಾರುಗಳಿಂದ ಬಂದ ಕೆಲವು ನಂಬಿಕೆಗಳು ಅವರಿಂದ ಹಾಗೆ ಹೇಳಿಸುತ್ತವೆ. ಮಗು ಇಂದು ಎಷ್ಟು ವೇಗವಾಗಿ ಓಡುತ್ತದೆ ಎನ್ನುವುದು ಒಂದು ಪ್ರಶ್ನೆ, ಮುಂದೆ ಅದು ಏನಾಗಬಲ್ಲದು ಎನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಈ ತಪ್ಪು ಕಲ್ಪನೆಗಳೆಲ್ಲ ಹುಟ್ಟಿವೆ.

ನಂಬಿಕೆ 1: ಪ್ರತಿಭೆ ಇದ್ದರೆ ಚಿಕ್ಕಂದಿನಲ್ಲೇ ಕಾಣುತ್ತದೆ

ಸತ್ಯ: ಚಿಕ್ಕಂದಿನಲ್ಲಿ ಎದ್ದು ಕಾಣುವುದು ಬಹಳ ಸಲ ಪ್ರತಿಭೆಯಲ್ಲ, ಬೇಗ ಬೆಳೆದ ದೇಹ. 14 ವರ್ಷದೊಳಗಿನವರು ಎಂಬ ಒಂದೇ ವಿಭಾಗದಲ್ಲಿ ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಓಡುತ್ತಾರೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಸಣ್ಣದಲ್ಲ. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದನ್ನು ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಆಮೇಲೆ ಹಲವು ದೇಶಗಳ, ಹಲವು ಆಟಗಳ ಅಧ್ಯಯನಗಳಲ್ಲಿ ಅದೇ ಚಿತ್ರ ಮರುಕಳಿಸಿತು. ಹುಟ್ಟಿದ ತಿಂಗಳು ಒಂದೇ ಆದರೂ ಪ್ರೌಢಾವಸ್ಥೆ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡವಾಗಿ ಬರುತ್ತದೆ. ಕಮಲಾಪುರದ ಕೆಂಪು ಬಾಳೆ ಬೇರೆ ತಳಿಗಳಿಗಿಂತ ನಿಧಾನವಾಗಿ ಗೊನೆ ಕೊಡುತ್ತದೆಂದು ಅಲ್ಲಿನ ರೈತರು ಅದನ್ನು ಕಿತ್ತುಹಾಕುವುದಿಲ್ಲ, ಅದರ ಕಾಲ ಅವರಿಗೆ ಗೊತ್ತು. ಮಕ್ಕಳ ವಿಷಯದಲ್ಲಿ ಆ ತಿಳಿವಳಿಕೆ ನಮಗೆ ಇನ್ನೂ ಬರಬೇಕಿದೆ. ಆರ್ನೆ ಗ್ಯೂಲಿಶ್ ಮತ್ತು ಸಹೋದ್ಯೋಗಿಗಳು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ವಯಸ್ಕರಾಗಿ ಅಂತರರಾಷ್ಟ್ರೀಯ ಮಟ್ಟ ಮುಟ್ಟಿದವರಲ್ಲಿ ಹತ್ತಕ್ಕೆ ಎಂಟು ಮಂದಿ 17–18ರ ವಯೋಮಿತಿಯಲ್ಲಿ ಆ ಮಟ್ಟದಲ್ಲಿ ಇರಲಿಲ್ಲ. ಆ ವಯಸ್ಸಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿದ್ದವರಲ್ಲೂ ಬಹುಪಾಲು ಜನ ಮುಂದೆ ಅಲ್ಲಿ ಉಳಿಯಲಿಲ್ಲ. ಹಾಗಾದರೆ ಅನುವಂಶೀಯತೆಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಎತ್ತರ, ಸ್ನಾಯುಗಳ ರಚನೆ, ಉಸಿರಿನ ಸಾಮರ್ಥ್ಯ ಇವೆಲ್ಲ ಒಂದಷ್ಟು ತಂದೆ–ತಾಯಿಯಿಂದಲೇ ಬರುತ್ತವೆ. ಆದರೆ ಅದನ್ನು ಮೊದಲೇ ಓದಿ ಹೇಳುವ ಸಾಧನ ಯಾರ ಬಳಿಯೂ ಇಲ್ಲ. ಮಕ್ಕಳ ಕ್ರೀಡಾ ಪ್ರತಿಭೆ ಗುರುತಿಸಲು ವಂಶವಾಹಿ ಪರೀಕ್ಷೆಗಳನ್ನು ಬಳಸಬಾರದು ಎಂದು ಈ ಕ್ಷೇತ್ರದ ತಜ್ಞರು 2015ರಲ್ಲಿ ಒಮ್ಮತದಿಂದ ಹೇಳಿದ್ದಾರೆ. ಪ್ರಯೋಗಾಲಯಕ್ಕೇ ಸಾಧ್ಯವಾಗದ್ದನ್ನು ಒಂದು ಬೆಳಗಿನ ನೂರು ಮೀಟರ್ ಓಟ ಹೇಳಲಾರದು.

ನಂಬಿಕೆ 2: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಐದಾರು ವರ್ಷಕ್ಕೇ ಒಂದೇ ಆಟಕ್ಕೆ ಹಚ್ಚಬೇಕು

ಸತ್ಯ: ಈ ಮಾತಿಗೆ ಈಚೆಗೆ ‘ಹತ್ತು ಸಾವಿರ ಗಂಟೆ’ಯ ಲೆಕ್ಕವೂ ಬೆಂಬಲವಾಗಿ ಬಂದಿದೆ. ಅದರ ಮೂಲ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ. ಅಲ್ಲಿ ಆ ಸಂಖ್ಯೆ ಬರಿಯ ಸರಾಸರಿ, ಯಾರೂ ಅದನ್ನು ನಿಯಮವೆಂದು ಹೇಳಿರಲಿಲ್ಲ. ಜನರ ಬಾಯಲ್ಲಿ ಅದು ನಿಯಮವಾದದ್ದು ಮಾಲ್ಕಮ್ ಗ್ಲಾಡ್‌ವೆಲ್ ಅವರ 2008ರ ಪುಸ್ತಕದಿಂದ. ಕ್ರೀಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ, ಆಟಗಾರರ ನಡುವಿನ ವ್ಯತ್ಯಾಸದಲ್ಲಿ ಉದ್ದೇಶಪೂರ್ವಕ ಅಭ್ಯಾಸ ವಿವರಿಸಿದ್ದು ಶೇ 18ರಷ್ಟನ್ನು ಮಾತ್ರ. ಅತ್ಯುನ್ನತ ಮಟ್ಟದ ಆಟಗಾರರನ್ನಷ್ಟೇ ತೆಗೆದುಕೊಂಡಾಗ ಅದು ಶೇ 1ಕ್ಕೆ ಇಳಿಯಿತು. ಅಭ್ಯಾಸ ಬೇಡವೆಂದು ಇದರ ಅರ್ಥವಲ್ಲ, ಅದಿಲ್ಲದೆ ಯಾರೂ ಮೇಲೆ ಬಂದಿಲ್ಲ. ಗಂಟೆಗಳನ್ನು ಕೂಡಿಸಿದಷ್ಟಕ್ಕೇ ಯಾರೂ ಚಾಂಪಿಯನ್ ಆಗುವುದಿಲ್ಲ ಎಂದಷ್ಟೇ ಅರ್ಥ. 2021ರಲ್ಲಿ 6,000ಕ್ಕೂ ಹೆಚ್ಚು ಕ್ರೀಡಾಪಟುಗಳ ಮಾಹಿತಿಯನ್ನು ಪರಿಶೀಲಿಸಿದಾಗ ಕಂಡ ಸಂಗತಿ ಇನ್ನೂ ಮುಖ್ಯವಾದದ್ದು. ವಿಶ್ವಮಟ್ಟ ಮುಟ್ಟಿದವರು ರಾಷ್ಟ್ರಮಟ್ಟದಲ್ಲೇ ನಿಂತವರಿಗಿಂತ ಬಾಲ್ಯದಲ್ಲಿ ಹೆಚ್ಚು ಬಗೆಯ ಆಟ ಆಡಿದ್ದರು, ತಮ್ಮ ಮುಖ್ಯ ಆಟಕ್ಕೆ ತಡವಾಗಿ ಬಂದಿದ್ದರು, ಮೊದಮೊದಲು ನಿಧಾನವಾಗಿಯೇ ಮುಂದುವರಿದಿದ್ದರು. ನೀರಜ್ ಚೋಪ್ರಾ ಪಾಣಿಪತ್ತಿನ ಕ್ರೀಡಾಂಗಣಕ್ಕೆ ಮೊದಲು ಹೋದದ್ದು ಮೈತೂಕ ಇಳಿಸಿಕೊಳ್ಳಲು. ಭರ್ಜಿ ಕೈಗೆ ಬಂದದ್ದು ಅಲ್ಲಿಗೆ ಹೋದ ಮೇಲೆ. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಕ್ರೀಡೆಗಳಲ್ಲಿ ಶಿಖರ ಮುಟ್ಟುವ ವಯಸ್ಸೇ ಚಿಕ್ಕದಾದ್ದರಿಂದ ಬೇಗ ಶುರು ಮಾಡಲೇಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಮ್ಮ ಭಾಗದ ಮಕ್ಕಳು ಆಡುವ ಕಬಡ್ಡಿ, ಖೋಖೋ, ವಾಲಿಬಾಲ್, ಓಟ, ಕುಸ್ತಿ ಆ ಸಾಲಿಗೆ ಸೇರುವುದಿಲ್ಲ. ಬೇಸಿಗೆಯಲ್ಲಿ ಬಾವಿಯಲ್ಲಿ ಈಜಿ, ಸಂಜೆ ಕಬಡ್ಡಿ ಆಡಿ, ಜಾತ್ರೆಯಲ್ಲಿ ಕುಸ್ತಿಗೆ ಇಳಿಯುವ ಹುಡುಗ ಕಾಲಹರಣ ಮಾಡುತ್ತಿಲ್ಲ. ಮುಂದಿನ ಯಾವುದೋ ಒಂದು ಆಟಕ್ಕೆ ಬೇಕಾದ ದೇಹವನ್ನೂ ಮನಸ್ಸನ್ನೂ ಅವನು ಕಟ್ಟಿಕೊಳ್ಳುತ್ತಿದ್ದಾನೆ.

ನಂಬಿಕೆ 3: ದಂಡಂ ದಶಗುಣಂ. ಬೈದರೆ, ಹೊಡೆದರೆ, ಆಸೆ ತೋರಿಸಿದರೆ ಮಾತ್ರ ಮಕ್ಕಳು ಶ್ರಮಪಡುತ್ತಾರೆ

ಸತ್ಯ: ಹೆದರಿಕೆ ಆ ಸಂಜೆಯ ಮಟ್ಟಿಗೆ ಓಡಿಸುತ್ತದೆ, ಮುಂದಿನ ವರ್ಷಕ್ಕೆ ಮಗುವನ್ನು ಮೈದಾನದಲ್ಲಿ ಉಳಿಸುವುದಿಲ್ಲ. ಅಮೆರಿಕದಲ್ಲಿ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಮತ್ತು ಸಂಗಡಿಗರು ಮಕ್ಕಳ ಬೇಸ್‌ಬಾಲ್ ತರಬೇತುದಾರರಲ್ಲಿ ಕೆಲವರಿಗೆ ಮೆಚ್ಚುಗೆ, ಧೈರ್ಯ ಮತ್ತು ಸ್ಪಷ್ಟ ತಾಂತ್ರಿಕ ಸೂಚನೆ ಕೊಡುವ ಕ್ರಮವನ್ನು ಕಲಿಸಿದರು. 1992ರ ಆ ಅಧ್ಯಯನದಲ್ಲಿ ಮರುವರ್ಷ ಆಟ ಬಿಟ್ಟವರು ಆ ತರಬೇತುದಾರರ ತಂಡಗಳಲ್ಲಿ ಶೇ 5, ಉಳಿದ ತಂಡಗಳಲ್ಲಿ ಶೇ 26. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಬೆಳೆಸಿದ ಸ್ವಯಂ ನಿರ್ಧಾರ ಸಿದ್ಧಾಂತದ ಪ್ರಕಾರ ಒಳಗಿನ ಪ್ರೇರಣೆಗೆ ಮೂರು ಸಂಗತಿ ಬೇಕು: ಇದು ನನ್ನ ಆಯ್ಕೆ ಎಂಬ ಭಾವ, ನಾನು ಸುಧಾರಿಸುತ್ತಿದ್ದೇನೆ ಎಂಬ ಅರಿವು, ಇವರು ನನ್ನವರು ಎಂಬ ನಂಟು. ತಪ್ಪಿಗೆ ಶಿಕ್ಷೆಯಾಗಿ ಬಿಸಿಲಲ್ಲಿ ಹತ್ತು ಸುತ್ತು ಓಡಿಸಿದಾಗ ಈ ಮೂರೂ ಕುಸಿಯುತ್ತವೆ. ಪ್ರೀತಿಸಬೇಕಾದ ಓಟವೇ ಮಗುವಿಗೆ ದಂಡನೆಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಇದು ಪ್ರಾಣಕ್ಕೂ ಅಪಾಯ. ಬಹುಮಾನದ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾದದ್ದು. ಬಡ ಮನೆಯ ಮಗುವಿಗೆ ವಿದ್ಯಾರ್ಥಿವೇತನ, ಕ್ರೀಡಾ ಕೋಟಾದಡಿ ಪೊಲೀಸ್ ಅಥವಾ ರೈಲ್ವೆ ನೌಕರಿ ಬೇಡವೆನ್ನುವುದು ಹೊಟ್ಟೆ ತುಂಬಿದವರ ಮಾತು. ಅವು ಬೇಕು. ಆದರೆ 1999ರಲ್ಲಿ 128 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡಂತೆ, ‘ಗೆದ್ದರೆ ಇದು ಸಿಗುತ್ತದೆ’ ಎಂಬ ಷರತ್ತಿನ ಬಹುಮಾನ ಮೊದಲೇ ಇಷ್ಟವಿದ್ದ ಕೆಲಸದ ಆಸಕ್ತಿಯನ್ನು ಕುಂದಿಸುತ್ತದೆ. ನಿಜವಾದ ಮೆಚ್ಚುಗೆಯ ಮಾತು ಆ ಆಸಕ್ತಿಯನ್ನು ಹೆಚ್ಚಿಸುತ್ತದೆ. ಆದ್ದರಿಂದ ನೌಕರಿ ಆಟಗಾರನ ಬದುಕಿಗೆ ಆಸರೆಯಾಗಿರಲಿ, ಪ್ರತಿದಿನದ ಅಭ್ಯಾಸಕ್ಕೆ ಲಗಾಮಾಗುವುದು ಬೇಡ.

ನಂಬಿಕೆ 4: ದೊಡ್ಡ ನಗರದಲ್ಲಿ ಹುಟ್ಟಿದ್ದರೆ ಮಾತ್ರ ಸಾಧ್ಯ, ನಮ್ಮದು ಹಿಂದುಳಿದ ಭಾಗ

ಸತ್ಯ: ಜೀನ್ ಕೋಟೆ ಮತ್ತು ಸಂಗಡಿಗರು 2006ರಲ್ಲಿ ಅಮೆರಿಕ–ಕೆನಡಾದ ವೃತ್ತಿಪರ ಆಟಗಾರರ ಹುಟ್ಟೂರುಗಳನ್ನು ನೋಡಿದಾಗ, 5 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಂದ ಬಂದವರ ಪಾಲು ನಿರೀಕ್ಷೆಗಿಂತ ಹೆಚ್ಚಿತ್ತು. ಬಯಲು ಜಾಗ, ಹಿರಿಯ–ಕಿರಿಯರು ಬೆರೆತು ಆಡುವ ರೂಢಿ, ಮುಖ ಪರಿಚಯವಿರುವ ಸಮುದಾಯ ಇದಕ್ಕೆ ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ಬೇರೆ ದೇಶಗಳ ಫಲಿತಾಂಶ ಎಲ್ಲ ಕಡೆ ಒಂದೇ ಇಲ್ಲ, ಸಣ್ಣ ಊರು ತಾನಾಗಿಯೇ ವರವೂ ಅಲ್ಲ. ಅದು ಶಾಪವಲ್ಲ ಎಂಬುದಂತೂ ಸ್ಪಷ್ಟ. ದೇಶದ ಅಗ್ರ ಕ್ರೀಡಾಪಟುಗಳು ತರಬೇತಿಗೆ ಬರುವ ಒಂದು ಸಂಸ್ಥೆ ಕಲ್ಯಾಣ ಕರ್ನಾಟಕದಲ್ಲೇ, ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿದೆ. ನೀರಜ್ ಕೂಡ ಅಲ್ಲಿ ಅಭ್ಯಾಸ ಮಾಡಿದವರು. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿಯೇ ನಡೆಯಿತು. ನಮ್ಮಲ್ಲಿ ಕೊರತೆ ಇರುವುದು ನಿಜ, ಆದರೆ ಅದು ಮಕ್ಕಳಲ್ಲಿಲ್ಲ. ಬೆಳೆಯುವ ವರ್ಷಗಳುದ್ದಕ್ಕೂ ಅವರ ಜೊತೆ ನಿಲ್ಲುವ ವ್ಯವಸ್ಥೆಯಲ್ಲಿದೆ.

ಸೀಟು ಕಡಿಮೆ ಇದ್ದಾಗ ಯಾರನ್ನಾದರೂ ಆರಿಸಲೇಬೇಕಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಆರಿಸಲಿ, ಆದರೆ ಅದೇ ಕೊನೆಯ ಮಾತಾಗದಿರಲಿ. ಆಯ್ಕೆಯ ಪಟ್ಟಿಯಲ್ಲಿ ಓಟದ ಸಮಯದ ಪಕ್ಕದಲ್ಲಿ ಹುಟ್ಟಿದ ತಿಂಗಳನ್ನೂ ಬೆಳವಣಿಗೆಯ ಹಂತವನ್ನೂ ಬರೆದುಕೊಳ್ಳಲು ಖರ್ಚಿಲ್ಲ. ಒಮ್ಮೆ ಬಿಟ್ಟುಹೋದ ಮಗುವನ್ನು ಎರಡು ವರ್ಷದ ನಂತರ ಮತ್ತೆ ಕರೆದು ನೋಡಲು ದೊಡ್ಡ ಅನುದಾನ ಬೇಕಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ತುರ್ತಿನದು. ದೇಹ ಬದಲಾಗುವ ವಯಸ್ಸಿನಲ್ಲಿ ವೇಗ ತುಸು ಕುಗ್ಗಿದ್ದನ್ನೇ ನೆಪ ಮಾಡಿ ಅವರನ್ನು ಮನೆಯಲ್ಲಿ ಕೂರಿಸಿದರೆ ಮರಳುವ ದಾರಿಯೇ ಮುಚ್ಚಿಹೋಗುತ್ತದೆ. ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಲು ನಮಗೆ ಸಾಧ್ಯವಿಲ್ಲ ಎಂದಾದ ಮೇಲೆ ನಮ್ಮ ಮುಂದಿರುವ ಪ್ರಾಮಾಣಿಕ ದಾರಿ ಒಂದೇ: ಹೆಚ್ಚು ಮಕ್ಕಳನ್ನು, ಹೆಚ್ಚು ವರ್ಷ, ಖುಷಿಯಿಂದ ಆಟದಲ್ಲಿ ಉಳಿಸಿಕೊಳ್ಳುವುದು. ಅವರಲ್ಲಿ ಪದಕ ತರುವವರು ಕೆಲವರೇ ಇರಬಹುದು, ಆರೋಗ್ಯ ಮತ್ತು ಆತ್ಮವಿಶ್ವಾಸ ಎಲ್ಲರದೂ ಆಗುತ್ತದೆ.