ಪಂಪಿಲ್ಲದ ಕಾರಂಜಿ, ನಾಲ್ಕು ಮೀಟರ್ ನೀರು: ರಷ್ಯಾದ ನದಿಯಾನದಲ್ಲಿ ಏನು ನೋಡಬೇಕು?

ಅರಮನೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಚಿನ್ನದ ಲೇಪ, ಗಾಜಿನ ದೀಪಗಳು, ಗೋಡೆ ತುಂಬ ಚಿತ್ರಗಳು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಮಾಸ್ಕೋವರೆಗೆ ಹಡಗಿನಲ್ಲೇ ಹೋಗುವ ಪ್ರವಾಸದಲ್ಲಿ ಇವೆಲ್ಲ ಬೇಕಾದಷ್ಟು ಸಿಗುತ್ತವೆ. ಚಳಿಗಾಲದಲ್ಲಿ ನದಿಗಳು ಹೆಪ್ಪುಗಟ್ಟುವುದರಿಂದ ಈ ಹಡಗುಗಳು ಓಡೋದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಎರಡೂ ತುದಿಯಲ್ಲಿ ಅರಮನೆ, ಮ್ಯೂಸಿಯಂಗಳು. ನಡುವೆ ಎರಡು ಮಹಾ ಸರೋವರಗಳು, ವೋಲ್ಗಾ ನದಿ, ಹದಿನೈದಕ್ಕೂ ಹೆಚ್ಚು ಲಾಕ್‌ಗಳು. ಈ ದಾರಿಯನ್ನು ಎಂಜಿನಿಯರಿಂಗ್ ಓದುತ್ತಿರುವ ನಾವು ನಮ್ಮ ಕಣ್ಣಿಂದ ಒಮ್ಮೆ ನೋಡೋಣ.

ಮೊದಲು ಪೀಟರ್‌ಹೋಫ್. ಫಿನ್‌ಲೆಂಡ್ ಕೊಲ್ಲಿಯ ದಂಡೆಯಲ್ಲಿ ಪೀಟರ್ ದೊರೆ ಕಟ್ಟಿಸಿದ ಈ ಅರಮನೆ 1723ರಲ್ಲಿ ಉದ್ಘಾಟನೆ ಆಯ್ತು. ಇಲ್ಲಿ ನೂರಕ್ಕೂ ಹೆಚ್ಚು ಕಾರಂಜಿಗಳಿವೆ, ಆದರೆ ಅವುಗಳಿಗೆ ಪಂಪಿಲ್ಲ! ವಸೀಲಿ ತುವೊಲ್ಕೊವ್ ಎಂಬ ಎಂಜಿನಿಯರ್ ಸುಮಾರು 20 ಕಿ.ಮೀ. ದೂರದ ರೋಪ್ಶಾ ದಿಣ್ಣೆಗಳ ಬುಗ್ಗೆ ನೀರನ್ನು 1721ರಲ್ಲಿ ಕಾಲುವೆ ತೋಡಿಸಿ ತಂದ. ನೀರು ಕೊಳಗಳಲ್ಲಿ ನಿಂತು, ಕೊಳವೆಯಲ್ಲಿ ಕೆಳಗಿಳಿದು, ತನ್ನ ಒತ್ತಡದಿಂದಲೇ ಚಿಮ್ಮುತ್ತದೆ. ಅಲ್ಲಿನ ಸ್ಯಾಮ್ಸನ್ ಕಾರಂಜಿ ಏರೋದು ಸುಮಾರು 20 ಮೀಟರ್. ನಾವು ಕಲಿತ ಟೊರಿಸೆಲ್ಲಿ ಸೂತ್ರಕ್ಕೆ ಹಾಕಿ ನೋಡಿ: ನೀರು ಬಾಯಿಂದ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ, ಅಂದ್ರೆ ಗಂಟೆಗೆ 70 ಕಿ.ಮೀ. ವೇಗದಲ್ಲಿ ಹೊರಡಬೇಕು. ಘರ್ಷಣೆ, ಗಾಳಿಯ ತಡೆ ಎಲ್ಲ ಸೇರಿಸಿದ್ರೆ ಕೊಳ ಇನ್ನೂ ಎತ್ತರದಲ್ಲಿ ಇರಲೇಬೇಕು. ಫ್ರಾನ್ಸಿನ ವರ್ಸೈ ಅರಮನೆಯ ಕಾರಂಜಿಗಳಿಗೆ ಸೀನ್ ನದಿಯ ನೀರೆತ್ತಲು 14 ಚಕ್ರ, ಇನ್ನೂರಕ್ಕೂ ಹೆಚ್ಚು ಪಂಪುಗಳಿದ್ದ ದೈತ್ಯ ಯಂತ್ರ ಬೇಕಾಯ್ತು. ಆದ್ರೂ ನೀರು ಸಾಲಲಿಲ್ಲ. ಇಲ್ಲಿ ಬೇಕಾಗಿದ್ದು ಎತ್ತರ ಒಂದೇ. ಈ 'ಎತ್ತರ' ಅನ್ನೋ ಪದ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಈಗ ನಾವು ನೋಡುವ ಪೀಟರ್‌ಹೋಫ್ ಪೂರ್ತಿ ಹಳೆಯದಲ್ಲ. 1941ರಿಂದ 1944ರವರೆಗೆ ಜರ್ಮನ್ ಸೇನೆಯ ಕೈಯಲ್ಲಿದ್ದಾಗ ಅರಮನೆ ಸುಟ್ಟುಹೋಯ್ತು, ಸ್ಯಾಮ್ಸನ್ ಪ್ರತಿಮೆ ನಾಪತ್ತೆಯಾಯ್ತು. ಈಗಿರುವುದು 1947ರಲ್ಲಿ ಹಳೆಯ ಫೋಟೋ ನೋಡಿ ಮಾಡಿದ್ದು. ಹತ್ತಿರದ ಕ್ಯಾಥರೀನ್ ಅರಮನೆಯ ಅಂಬರ್ ಕೋಣೆಯದೂ ಇದೇ ಕಥೆ. ಜರ್ಮನ್ನರು ಕಳಚಿ ಒಯ್ದ ಅದರ ಫಲಕಗಳು ಕಾಣೆಯಾದವು. 1979ರಲ್ಲಿ ಶುರುವಾದ ಮರುನಿರ್ಮಾಣ ಮುಗಿದು ಕೋಣೆ ತೆರೆದದ್ದು 2003ರಲ್ಲಿ.

ನಗರದೊಳಗಿನ ಹರ್ಮಿಟಾಜ್ ಮ್ಯೂಸಿಯಂ ತ್ಸಾರರ ಚಳಿಗಾಲದ ಅರಮನೆಯಲ್ಲಿದೆ. ಸುಮಾರು 30 ಲಕ್ಷ ವಸ್ತುಗಳ ಸಂಗ್ರಹ ಅದು. 1941ರಲ್ಲಿ ಯುದ್ಧ ಹತ್ತಿರ ಬಂದಾಗ ಅಲ್ಲಿನವರು ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಎರಡು ರೈಲುಗಳಲ್ಲಿ ಉರಲ್ ಪ್ರದೇಶಕ್ಕೆ ಸಾಗಿಸಿದರು. ಖಾಲಿ ಚೌಕಟ್ಟುಗಳನ್ನು ಮಾತ್ರ ಗೋಡೆ ಮೇಲೆ ಹಾಗೇ ಬಿಟ್ರು. ದಿಗ್ಬಂಧನದ ದಿನಗಳಲ್ಲಿ ಮ್ಯೂಸಿಯಂಗೆ ನೆರವಾಗಲು ಬಂದ ಸೈನಿಕರಿಗೆ ಅಲ್ಲಿನ ಗೈಡ್ ಪಾವೆಲ್ ಗುಬ್ಚೆವ್‌ಸ್ಕಿ ಅದೇ ಖಾಲಿ ಚೌಕಟ್ಟುಗಳ ಮುಂದೆ ನಿಂತು, ಇಲ್ಲಿ ಯಾವ ಚಿತ್ರ ಇತ್ತು, ಅದರಲ್ಲಿ ಏನೇನಿತ್ತು ಅಂತ ನೆನಪಿನಿಂದಲೇ ಹೇಳಿದರು. ಮ್ಯೂಸಿಯಂ ಅಂದ್ರೆ ಏನು ಅಂತ ಯಾರಾದ್ರೂ ನಮ್ಮನ್ನ ಕೇಳಿದ್ರೆ ಈ ಘಟನೆ ಹೇಳಬಹುದು.

ಹಡಗು ಈಗ ನೇವಾ ನದಿ, ಲಡೋಗಾ ಸರೋವರ ದಾಟಿ ಒನೇಗಾ ಸರೋವರಕ್ಕೆ ಬರುತ್ತದೆ. ಅಲ್ಲಿನ ಕಿಝಿ ದ್ವೀಪವೇ ಒಂದು ಬಯಲು ಮ್ಯೂಸಿಯಂ. 1714ರಲ್ಲಿ ಮರದ ದಿಮ್ಮಿಗಳಲ್ಲಿ ಕಟ್ಟಿದ 22 ಗುಮ್ಮಟಗಳ ಚರ್ಚ್ 37 ಮೀಟರ್ ಎತ್ತರ ಇದೆ. ಇತ್ತೀಚೆಗೆ ಅದನ್ನು ರಿಪೇರಿ ಮಾಡಿದ ರೀತಿ ಸಿವಿಲ್‌ನವರಿಗೆ ಇಷ್ಟ ಆಗುತ್ತೆ: ಮೇಲಿನ ಭಾಗವನ್ನು ಹಾಗೇ ಎತ್ತಿ ಹಿಡಿದು, ಕೆಳಗಿನ ದಿಮ್ಮಿಗಳನ್ನು ಒಂದೊಂದು ಹಂತವಾಗಿ ಬಿಚ್ಚಿ, ಸರಿಮಾಡಿ, ಮತ್ತೆ ಕೂರಿಸಿದರು.

ಮುಂದೆ ಸಿಗೋದು ರಿಬಿನ್ಸ್ಕ್ ಜಲಾಶಯ. ವಿಸ್ತಾರ ಸುಮಾರು 4,500 ಚದರ ಕಿ.ಮೀ. ಇದರ ತಳದಲ್ಲಿ ಮೊಲೊಗಾ ಎಂಬ ಹಳೆಯ ಪಟ್ಟಣವಿದೆ. ಮೊದಲ ಯೋಜನೆಯಲ್ಲಿ ನೀರಿನ ಮಟ್ಟ ಸಮುದ್ರಮಟ್ಟದಿಂದ 98 ಮೀಟರ್ ಇತ್ತು. ಹಾಗೇ ಆಗಿದ್ರೆ ಪಟ್ಟಣ ಉಳೀತಿತ್ತು. ವಿದ್ಯುತ್ ಜಾಸ್ತಿ ಸಿಗಲಿ ಅಂತ ಅದನ್ನು 102ಕ್ಕೆ ಏರಿಸಿದರು. ನಾಲ್ಕೇ ನಾಲ್ಕು ಮೀಟರ್. ಮೊಲೊಗಾ ಮತ್ತು ನೂರಾರು ಹಳ್ಳಿಗಳಿಂದ ಸುಮಾರು 1,30,000 ಜನ ಎದ್ದು ಹೋಗಬೇಕಾಯ್ತು. ಅಣೆಕಟ್ಟೆಗೆ ದುಡಿದವರಲ್ಲಿ ಬಹುಪಾಲು ಶಿಬಿರಗಳ ಕೈದಿಗಳು. ಯುದ್ಧಕಾಲದಲ್ಲಿ ಮಾಸ್ಕೋಗೆ ಇಲ್ಲಿಂದ ವಿದ್ಯುತ್ ಹೋಗಿದ್ದೂ ನಿಜ, ಅದನ್ನೂ ಹೇಳಬೇಕು. ಈಗ ರಿಬಿನ್ಸ್ಕ್ ನಗರದಲ್ಲಿ ಮೊಲೊಗಾಗೆ ಅಂತಲೇ ಒಂದು ಮ್ಯೂಸಿಯಂ ಇದೆ. ಆ ಜನರ ಮನೆ ಸಾಮಾನು, ಫೋಟೋಗಳೇ ಅಲ್ಲಿನ ಆಸ್ತಿ.

ಉಗ್ಲಿಚ್ ದಾಟಿದ ಮೇಲೆ ಕಲ್ಯಾಝಿನ್ ಬಳಿ ನೀರಿನ ನಡುವೆ ಸುಮಾರು 74 ಮೀಟರ್ ಎತ್ತರದ ಗಂಟೆಗೋಪುರ ಒಂಟಿಯಾಗಿ ನಿಂತಿದೆ. ಅದರ ಚರ್ಚ್ ಈಗಿಲ್ಲ. ಇಲ್ಲಿ ನಮಗೊಂದು ನಂಟೂ ಇದೆ. 15ನೇ ಶತಮಾನದಲ್ಲಿ ನಮ್ಮ ಬೀದರಿಗೆ ಬಂದು ಬಹಮನಿ ರಾಜಧಾನಿಯ ವೈಭವವನ್ನೂ ಬಡವರ ಪಾಡನ್ನೂ ಬರೆದಿಟ್ಟ ಅಫನಾಸಿ ನಿಕಿಟಿನ್, ತ್ವೇರ್‌ನಿಂದ ವೋಲ್ಗಾದ ಮೇಲೆ ಹೊರಟಾಗ ಇದೇ ಕಲ್ಯಾಝಿನ್ ಮಠದಲ್ಲಿ ಆಶೀರ್ವಾದ ಪಡೆದಿದ್ದ. ಆ ಮಠವನ್ನೂ ಉಗ್ಲಿಚ್ ಜಲಾಶಯ ತುಂಬುವ ಮೊದಲು ಕೆಡವಿದರು. ಗೋಡೆಯಿಂದ ಬಿಡಿಸಿ ಉಳಿಸಿದ ಅದರ ಕೆಲವು ಭಿತ್ತಿಚಿತ್ರಗಳು ಈಗ ಮಾಸ್ಕೋದ ಶುಸೆವ್ ವಾಸ್ತುಶಿಲ್ಪ ಮ್ಯೂಸಿಯಂನಲ್ಲಿವೆ.

ಕೊನೆಗೆ 128 ಕಿ.ಮೀ. ಉದ್ದದ ಮಾಸ್ಕೋ ಕಾಲುವೆ. 1937ರಲ್ಲಿ ತೆರೆದ ಇದನ್ನು ತೋಡಿದವರೂ ಹೆಚ್ಚಾಗಿ ಕೈದಿಗಳೇ. ಇಲ್ಲಿ ವೋಲ್ಗಾದ ನೀರನ್ನು ಐದು ಪಂಪಿಂಗ್ ಸ್ಟೇಷನ್‌ಗಳು ಸುಮಾರು 38 ಮೀಟರ್ ಮೇಲೆತ್ತುತ್ತವೆ. ಹಡಗು ಲಾಕ್‌ನಿಂದ ಲಾಕ್‌ಗೆ ಮೆಟ್ಟಿಲು ಹತ್ತಿದ ಹಾಗೆ ಏರಿ, ಆಚೆ ಇಳಿದು ಮಾಸ್ಕೋ ಸೇರುತ್ತದೆ. ಮಾರನೇ ದಿನ ಎಲ್ಲರೂ ಕ್ರೆಮ್ಲಿನ್ನಿನ ಶಸ್ತ್ರಾಗಾರ ಮ್ಯೂಸಿಯಂನಲ್ಲಿ ತ್ಸಾರರ ಕಿರೀಟ, ಫಾಬರ್ಜೆ ಮೊಟ್ಟೆ ನೋಡೋಕೆ ಹೋಗ್ತಾರೆ. ನೋಡಲೇಬೇಕಾದವು, ಬೇಡ ಅನ್ನಲ್ಲ. ಜೊತೆಗೆ ಶುಸೆವ್ ಮ್ಯೂಸಿಯಂಗೂ ಒಂದರ್ಧ ದಿನ ಇಟ್ಕೊಳ್ಳಿ.

ಹೈಡ್ರಾಲಿಕ್ಸ್ ಪೇಪರಿನಲ್ಲಿ 'ಹೆಡ್' ಅಂತ ನಾವು ಬರೆಯೋದು ಒಂದು ಸಂಖ್ಯೆ ಅಷ್ಟೇ. ಪೀಟರ್‌ಹೋಫ್‌ನಲ್ಲಿ ಅದೇ ಸಂಖ್ಯೆ ಕಾರಂಜಿ ಆಯ್ತು. ಮೊಲೊಗಾದಲ್ಲಿ 98 ತೆಗೆದು 102 ಅಂತ ಬರೆದಾಗ ಒಂದು ಊರೇ ಹೋಯ್ತು. ನಾಳೆ ಅಂಥ ನಕ್ಷೆಗಳಿಗೆ ಸಹಿ ಹಾಕೋರು ನಾವೇ ತಾನೇ?