ಚಾರ್ಲಿ ಹೇಡನ್: ದನಿ ಕಳೆದುಕೊಂಡವರ ಬೇಸ್

ಜಾಝ್ ಸಂಗೀತದಲ್ಲಿ ಬೇಸ್ ವಾದಕರ ಹೆಸರು ಕೇಳುಗರ ನೆನಪಿನಲ್ಲಿ ಉಳಿಯುವುದು ಅಪರೂಪ. ಆಳೆತ್ತರದ ಆ ತಂತಿವಾದ್ಯ ಹಿಂಬದಿಯಲ್ಲಿ ನಿಂತು ಲಯವನ್ನೂ ಆಧಾರಸ್ವರವನ್ನೂ ಕಾಯುತ್ತದೆ. ಮುಂದೆ ಮೆರೆಯುವುದು ಸ್ಯಾಕ್ಸೊಫೋನು, ಟ್ರಂಪೆಟ್ಟು. ಚಾರ್ಲಿ ಹೇಡನ್ ಇದಕ್ಕೆ ಅಪವಾದ. ಬೆರಳಿನ ವೇಗದಲ್ಲಿ ಅವರನ್ನು ಮೀರಿಸುವವರು ಹಲವರಿದ್ದರು. ಆದರೆ ಬೇಸ್ ತಂತಿಗಳ ಮೇಲೆ ಅವರಂತೆ ಹಾಡಿದವರು ವಿರಳವೆಂದೇ ನನ್ನ ಎಣಿಕೆ.

ಹಾಡು ಅವರಿಗೆ ಮನೆಯ ಕಸುಬಾಗಿತ್ತು. 1937ರ ಆಗಸ್ಟ್ 6ರಂದು ಅಯೋವಾ ರಾಜ್ಯದ ಶೆನಂಡೋವಾದಲ್ಲಿ ಹುಟ್ಟಿದ ಹೇಡನ್, ಎರಡು ವರ್ಷ ತುಂಬುವ ಮೊದಲೇ ತಂದೆತಾಯಿ ನಡೆಸುತ್ತಿದ್ದ ರೇಡಿಯೊ ಕಾರ್ಯಕ್ರಮದಲ್ಲಿ 'ಕೌಬಾಯ್ ಚಾರ್ಲಿ' ಎಂಬ ಹೆಸರಿನಿಂದ ಹಾಡತೊಡಗಿದರು. ಗುಡ್ಡಗಾಡಿನ ಜನಪದ ಗೀತೆಗಳು, ಚರ್ಚಿನ ಸ್ತೋತ್ರಗಳು ಅವರ ಮೊದಲ ಪಾಠ. ಹದಿನೈದನೆಯ ವಯಸ್ಸಿನಲ್ಲಿ ಪೋಲಿಯೊ ಬಂತು. ಅದು ಕೈಕಾಲುಗಳನ್ನು ಬಿಟ್ಟು ಮುಖವನ್ನೂ ಗಂಟಲನ್ನೂ ಹಿಡಿಯಿತು. ಹಾಡುಗಾರಿಕೆ ಅಲ್ಲಿಗೆ ನಿಂತಿತು. ಅಣ್ಣನ ಬೇಸ್ ಮನೆಯಲ್ಲಿತ್ತು.

1957ರಲ್ಲಿ ಕಲಿಯಲೆಂದು ಲಾಸ್ ಏಂಜಲಿಸ್‌ಗೆ ಬಂದ ಅವರಿಗೆ ಅಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ಪರಿಚಯವಾಯಿತು. ಈ ಭೇಟಿಯ ಮಹತ್ವವನ್ನು ತುಸು ಬಿಡಿಸಿ ಹೇಳಬೇಕು. ಜಾಝ್‌ನಲ್ಲಿ ಅದುವರೆಗೆ ಮನೋಧರ್ಮಕ್ಕೊಂದು ಬೇಲಿಯಿತ್ತು. ಹಾಡಿನ ಕಾರ್ಡುಗಳು, ಅಂದರೆ ಏಕಕಾಲಕ್ಕೆ ನುಡಿಯುವ ಸ್ವರಗಳ ಗುಂಪುಗಳು, ನಿಗದಿಯಾದ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ವಾದಕನ ಕಲ್ಪನೆ ಆ ಕ್ರಮದೊಳಗೇ ವಿಹರಿಸಬೇಕಿತ್ತು. ಕ್ರಮವನ್ನು ಕೆಳಗಿನಿಂದ ತೋರಿಸಿಕೊಡುವುದು ಬೇಸ್‌ನ ಕೆಲಸ. ಕೋಲ್ಮನ್ ಆ ಬೇಲಿಯನ್ನೇ ಕಿತ್ತರು. ಹಾಗಾದರೆ ಬೇಸ್ ವಾದಕ ಏನು ನುಡಿಸಬೇಕು? ಎದುರಿನವರ ರಾಗರೇಖೆಗೆ ಕಿವಿಗೊಟ್ಟು, ಅದು ತಿರುಗಿದತ್ತ ಆ ಕ್ಷಣವೇ ತಾನೂ ತಿರುಗುವುದು ಹೇಡನ್ ಕಂಡುಕೊಂಡ ಉತ್ತರ.

1959ರ 'ಲೋನ್ಲಿ ವುಮನ್' ಕೇಳಿದರೆ ಇದು ತಿಳಿಯುತ್ತದೆ. ಡ್ರಮ್ಮು ಓಡುತ್ತದೆ, ಸ್ಯಾಕ್ಸೊಫೋನು ಮತ್ತು ಕಾರ್ನೆಟ್ಟು ನಿಧಾನವಾಗಿ ಮೊರೆಯಿಡುತ್ತವೆ. ಇವೆರಡರ ನಡುವೆ ಹೇಡನ್ ಜೋಡಿ ತಂತಿಗಳನ್ನು ಮೀಟುತ್ತಾರೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಈ ನಿಲುಗಡೆಯ ಸ್ವರ ಅಪರಿಚಿತವೆನಿಸದು. ಅದೇ ವರ್ಷ ಮುದ್ರಿತವಾದ 'ರ‍್ಯಾಂಬ್ಲಿನ್'ನಲ್ಲಿ ಬೇಸ್ ಒಂಟಿಯಾಗಿ ನುಡಿಯುವಾಗ 'ಓಲ್ಡ್ ಜೋ ಕ್ಲಾರ್ಕ್' ಎಂಬ ಹಳೆಯ ಜನಪದ ಧಾಟಿ ಇಣುಕುತ್ತದೆ. ಅತಿ ನವ್ಯವೆಂದು ನ್ಯೂಯಾರ್ಕಿನ ರಸಿಕರನ್ನು ಇಬ್ಭಾಗ ಮಾಡಿದ ಸಂಗೀತದೊಳಗೆ ಬಾಲ್ಯದ ರೇಡಿಯೊ!

ಮಾದಕವಸ್ತುಗಳ ವ್ಯಸನ ಅವರ ಕೆಲವು ವರ್ಷಗಳನ್ನು ನುಂಗಿತು. ಅದರಿಂದ ಎದ್ದು ಬಂದ ಮೇಲೆ, 1969ರಲ್ಲಿ ಕಾರ್ಲಾ ಬ್ಲೇ ಅವರೊಡಗೂಡಿ 'ಲಿಬರೇಷನ್ ಮ್ಯೂಸಿಕ್ ಆರ್ಕೆಸ್ಟ್ರಾ' ಕಟ್ಟಿ, ಸ್ಪೇನಿನ ಅಂತರ್ಯುದ್ಧದ ಹಾಡುಗಳನ್ನು ಜಾಝ್‌ಗೆ ಒಗ್ಗಿಸಿದರು. 1971ರ ನವೆಂಬರಿನಲ್ಲಿ ಕೋಲ್ಮನ್ ತಂಡದೊಂದಿಗೆ ಪೋರ್ಚುಗಲ್ಲಿನ ಕಾಶ್ಕಾಯಿಶ್ ಉತ್ಸವಕ್ಕೆ ಹೋದರು. ಸರ್ವಾಧಿಕಾರದ ಆ ದೇಶ ಆಗ ಆಫ್ರಿಕಾದ ವಸಾಹತುಗಳಲ್ಲಿ ಯುದ್ಧ ನಡೆಸುತ್ತಿತ್ತು. ಹೇಡನ್ ತಮ್ಮ 'ಸಾಂಗ್ ಫಾರ್ ಚೆ' ರಚನೆಯನ್ನು ಮೊಜಾಂಬಿಕ್, ಗಿನಿ, ಅಂಗೋಲಗಳ ವಿಮೋಚನಾ ಹೋರಾಟಗಳಿಗೆ ವೇದಿಕೆಯಿಂದಲೇ ಅರ್ಪಿಸಿದರು. ಸಭೆ ಹರ್ಷೋದ್ಗಾರ ಮಾಡಿತು. ಮರುದಿನ ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ರಹಸ್ಯ ಪೊಲೀಸರು ಅವರನ್ನು ಹಿಡಿದು ವಿಚಾರಣೆಗೆ ಒಯ್ದರು; ಅಮೆರಿಕದ ರಾಯಭಾರ ಕಚೇರಿಯ ಮಧ್ಯಸ್ಥಿಕೆಯಿಂದ ಬಿಡುಗಡೆಯಾಯಿತು. ಸರ್ವಾಧಿಕಾರ ಕುಸಿದದ್ದು 1974ರಲ್ಲಿ. ಎರಡು ವರ್ಷದ ಬಳಿಕ ಹೇಡನ್ 'ಫಾರ್ ಎ ಫ್ರೀ ಪೋರ್ಚುಗಲ್' ಎಂಬ ರಚನೆಯನ್ನು ಮುದ್ರಿಸಿದರು.

1982ರಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಜಾಝ್ ಅಧ್ಯಯನ ವಿಭಾಗವನ್ನು ಆರಂಭಿಸಿದರು. ಗಿಟಾರ್ ವಾದಕ ಪ್ಯಾಟ್ ಮೆಥೀನಿ ಜೊತೆಗಿನ 1997ರ 'ಬಿಯಾಂಡ್ ದ ಮಿಸೂರಿ ಸ್ಕೈ' ಗ್ರ್ಯಾಮಿ ಪಡೆಯಿತು. ಹೊಸದಾಗಿ ಕೇಳುವವರಿಗೆ ನಾನು ಸೂಚಿಸುವುದು ಇದನ್ನೇ. 2008ರ 'ರ‍್ಯಾಂಬ್ಲಿಂಗ್ ಬಾಯ್'ನಲ್ಲಿ ಮಡದಿ ಮಕ್ಕಳೆಲ್ಲ ಹಾಡಿದ್ದಾರೆ. 1939ರ ರೇಡಿಯೊ ಕಾರ್ಯಕ್ರಮದ ತುಣುಕೊಂದು ಅದರಲ್ಲಿದೆ. ಕೊನೆಯ ಹಾಡು 'ಓ ಶೆನಂಡೋವಾ'. ಹಾಡಿದವರು ಸ್ವತಃ ಚಾರ್ಲಿ. ದನಿ ತೆಳುವಾಗಿದೆ, ನಡುಗುತ್ತದೆ, ಆದರೆ ಸ್ವರ ಬಿಟ್ಟು ಸರಿಯುವುದಿಲ್ಲ.

ಬಾಲ್ಯದ ಪೋಲಿಯೊ ಮುಪ್ಪಿನಲ್ಲಿ ಮರಳಿ ಕಾಡಿತು. 2014ರ ಜುಲೈ 11ರಂದು ಲಾಸ್ ಏಂಜಲಿಸ್‌ನಲ್ಲಿ ಅವರು ತೀರಿಕೊಂಡರು.